ಬಾಣಂತಿಯರ ಮನಸ್ಸಿನ ಆರೈಕೆ ಹಾಡಿಗೂ ಲೈನ್‌ಮನೆಗೂ ಮುಟ್ಟಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಪೊನ್ನಂಪೇಟೆ ಕಡೆಯ ನಿಮ್ಮ ಮಹಿಳಾ ಸಂಘ ಬಾಣಂತಿಯರ ಖಿನ್ನತೆಯ ಬಗ್ಗೆ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದೆ. ಅದು ಪೇಟೆಯಲ್ಲೇ ನಿಲ್ಲದೆ ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್‌ಮನೆಗಳಿಗೂ ಬುಡಕಟ್ಟಿನವರ ಹಾಡಿಗಳಿಗೂ ಹೋಗಲು ಏನು ಮಾಡಬೇಕು, ಕರಪತ್ರದಲ್ಲಿ ಏನು ಬರೆಯಬೇಕು ಎಂದು ಕೇಳಿದ್ದೀರಿ.

ಕರಪತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಭಾಷಣ ಕೇಳಿದ ಮೇಲೆ ಮನೆಯಲ್ಲಿ ಕಾರು ಇರುವವಳು ಮಡಿಕೇರಿಗೋ ಮೈಸೂರಿಗೋ ಹೋಗಿ ತೋರಿಸಿಕೊಂಡು ಬರುತ್ತಾಳೆ. ಹಾಡಿಯವಳಿಗೆ ಉಳಿಯುವುದು ಹೊಸದೊಂದು ಹೆಸರು ಮಾತ್ರ, ಅದೂ ನೆರೆಹೊರೆಯವರು ಆಡಿಕೊಳ್ಳುವಂಥದ್ದು. ಆದ್ದರಿಂದ ಮೊದಲು ದಾರಿ ಗೊತ್ತು ಮಾಡಿಕೊಳ್ಳಿ: ತೊಂದರೆ ಇದೆ ಎಂದು ಒಬ್ಬಳು ಬಾಯಿ ಬಿಟ್ಟರೆ ಅವಳನ್ನು ಯಾರು ಕರೆದೊಯ್ಯುತ್ತಾರೆ, ಯಾವ ದಿನ, ಯಾವ ವಾಹನದಲ್ಲಿ, ಅಲ್ಲಿ ಯಾರು ನೋಡುತ್ತಾರೆ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. ನಿಮಗೆ ಹತ್ತಿರದ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ಫೋನ್ ಮಾಡಿ ಕೇಳಿ. ಕೂಲಿ ಬಿಟ್ಟು ಬಂದವಳು ಒಮ್ಮೆ ಬರಿಗೈಲಿ ವಾಪಸಾದರೆ ಮತ್ತೆ ಬರುವುದಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಆದರೆ ಎಷ್ಟೋ ಹಾಡಿಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಎಲ್ಲಿ ನಿಂತರೆ ಸಿಗುತ್ತದೆ, ಯಾರ ಫೋನು ಎನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಹಾಕುವಾಗ ಬಸ್ ಚಾರ್ಜ್ ಮಾತ್ರ ಹಿಡಿಯಬೇಡಿ. ಬಾಣಂತಿಯ ಜೊತೆ ಹೋಗುವವರ ಒಂದು ದಿನದ ಕೂಲಿ, ರಸ್ತೆಯವರೆಗಿನ ಜೀಪು, ಮಧ್ಯಾಹ್ನದ ಊಟ ಎಲ್ಲವೂ ಸೇರುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ. ಒಳಗಿನ ಊರುಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಜೀಪು. ಅಸ್ಸಾಂನಿಂದ ತೋಟಕ್ಕೆ ಬಂದ ಹೆಂಗಸಿಗೆ ಇಲ್ಲಿನ ವಿಳಾಸದ ಗುರುತಿನ ಚೀಟಿ ಇಲ್ಲದಿದ್ದರೆ ಅದೂ ಇಲ್ಲ. ಸಂಘದಲ್ಲಿ ಇದಕ್ಕೆಂದೇ ಸ್ವಲ್ಪ ಹಣ ಬೇರೆ ತೆಗೆದಿಡಿ. ಶಾಮಿಯಾನಕ್ಕೆ ಹಾಕುವ ದುಡ್ಡು ಇಲ್ಲಿಗೆ ಬಂದರೆ ಒಳ್ಳೆಯದು.

ಇನ್ನು ಕೇಳುವ ಬಗೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೇಗೂ ಹೋಗುತ್ತಾರೆ. ಹೊಸ ಭೇಟಿ ಹುಟ್ಟುಹಾಕುವ ಬದಲು ಇವುಗಳಲ್ಲೇ ಸೇರಿಸಿ. ಆದರೆ 3ನೇ, 7ನೇ ದಿನದ ಅಳು ನೋಡಿ ಗಾಬರಿಯಾಗಬೇಡಿ. ಹೆರಿಗೆಯಾದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಆ ವಾರದಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೂ ಮೀರಿ ಉಳಿದದ್ದನ್ನು ಹಿಡಿಯಬೇಕು. ಹಾಗಾಗಿ 14ನೇ ದಿನದ ಮೇಲೆ ಒಮ್ಮೆ, 42ಕ್ಕೆ ಒಮ್ಮೆ, ಆಮೇಲೆ 10, 14ನೇ ವಾರದ ಚುಚ್ಚುಮದ್ದಿನ ದಿನ ಮತ್ತು 9ನೇ ತಿಂಗಳಲ್ಲಿ ಕೇಳಿ. ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು 22 ತಾಯಂದಿರಿಗೆ ಅದರ ಲಕ್ಷಣಗಳಿರುತ್ತವೆ.

ಮೊದಲು ಎರಡೇ ಪ್ರಶ್ನೆ ಸಾಕು. ಹೋದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ, ಮುಂದೆ ದಾರಿಯೇ ಇಲ್ಲ ಅನ್ನಿಸಿ ಪದೇ ಪದೇ ಕಾಡಿತ್ತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಆಸೆ ಹೊರಟುಹೋಗಿದೆಯಾ? ಒಂದಕ್ಕೆ ಹೌದು ಎಂದರೂ, ಬಾಣಂತಿಯರ ಖಿನ್ನತೆ ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಗೆ ಹೋಗಿ. ಅದರ ಕನ್ನಡ ರೂಪ ಇದೆ. ಹತ್ತು ಪ್ರಶ್ನೆ, ಹಿಂದಿನ 7 ದಿನದ ಬಗ್ಗೆ, ಒಟ್ಟು 30 ಅಂಕ. ಜನ ಸಾಮಾನ್ಯವಾಗಿ ತಪ್ಪುವುದು ಅಂಕ ಕೂಡುವಲ್ಲಿ: 1, 2 ಮತ್ತು 4ನೇ ಪ್ರಶ್ನೆಗೆ ಮೇಲಿನಿಂದ ಕೆಳಕ್ಕೆ 0, 1, 2, 3, ಉಳಿದ ಏಳಕ್ಕೂ ಮೇಲಿನಿಂದ ಕೆಳಕ್ಕೆ 3, 2, 1, 0. 13 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿಗೆ ಕಳಿಸಿ, 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ. ಹತ್ತನೇ ಪ್ರಶ್ನೆ ತನ್ನ ಜೀವಕ್ಕೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ವೈದ್ಯರ ಹತ್ತಿರ ಮಾತಾಡಿಸಿ, ಅವಳನ್ನು ಒಬ್ಬಳೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬ ಲೈನ್‌ಮನೆಯ ಮೂಲೆಯಲ್ಲಿದ್ದರೆ ತೋಟದ ರೈಟರ್‌ಗೆ (ಗುಮಾಸ್ತರಿಗೆ) ಹೇಳಿ ಬೀಗ ಇರುವ ಗೋದಾಮಿಗೆ ಅದೇ ಹೊತ್ತಿಗೆ ಸಾಗಿಸಿ.

ಅತ್ತೆ, ಗಂಡ ಪಕ್ಕದಲ್ಲಿರುವಾಗ ಕೇಳಿದರೆ ಎಲ್ಲದಕ್ಕೂ ‘ಏನಿಲ್ಲ’ ಎಂದೇ ಉತ್ತರ. ಒಬ್ಬರು ಮಗು ತೂಗುತ್ತಾ ಮನೆಯವರನ್ನು ಮಾತಿಗೆಳೆಯಲಿ, ಇನ್ನೊಬ್ಬರು ತಾಯಿಯ ಜೊತೆ ಕೂರಲಿ. ಎರವ, ಜೇನುಕುರುಬ ಹೆಂಗಸರ ಬಳಿ ಅವರ ಮಾತು ಬಲ್ಲ ಹೆಂಗಸೇ ಹೋಗಬೇಕು. ಆಕೆ ಅದೇ ಹಾಡಿಯವಳಾಗದಿದ್ದರೆ ಗುಟ್ಟು ಉಳಿಯುತ್ತದೆ. ಶಾಲೆಗೆ ಹೋಗುವ ದೊಡ್ಡ ಮಗಳ ಬಾಯಲ್ಲಿ ತಾಯಿಯ ದುಃಖವನ್ನು ತರ್ಜುಮೆ ಮಾಡಿಸುವುದಂತೂ ಖಂಡಿತ ಬೇಡ. ‘ಖಿನ್ನತೆ’ ಎಂಬ ಪದವೂ ಅಲ್ಲಿ ಕೆಲಸಕ್ಕೆ ಬಾರದು. ನಿದ್ದೆ ಇಲ್ಲ, ಎದೆ ಡವಡವ, ಮೈಯೆಲ್ಲ ನೋವು, ಯಾರೂ ಬೇಡ ಅನ್ನಿಸುತ್ತದೆ ಎಂಬ ಮಾತುಗಳಿಂದಲೇ ಶುರು ಮಾಡಿ.

ಪಟ್ಟಿಯಿಂದ ತಪ್ಪಿಹೋಗುವವರನ್ನು ಹುಡುಕಬೇಕು. ಹೆರಿಗೆಗೆ ತವರಿಗೆ ಹೋದವಳು ಎರಡೂ ಊರಿನ ಪಟ್ಟಿಯಲ್ಲಿ ಇರುವುದಿಲ್ಲ. ತಾಯಿ ಕಾರ್ಡ್ ಜೊತೆಗಿರಲಿ, ಆ ಊರಿನ ಆಶಾಗೆ ಒಂದು ಫೋನ್ ಹೋಗಲಿ. ಕಾಫಿ ಕೊಯ್ಲಿಗೆ ಬಂದು ಹೋಗುವವರದೂ ಇದೇ ಪಾಡು. ಎಲ್ಲಕ್ಕಿಂತ ಹೆಚ್ಚಾಗಿ, ಮಗು ಉಳಿಯದ ತಾಯಿ. ತೂಗಲು ಮಗುವಿಲ್ಲ ಎಂದು ಭೇಟಿಯೇ ನಿಂತುಹೋಗುತ್ತದೆ. ಎಲ್ಲರಿಗಿಂತ ಮೊದಲು ಆ ಮನೆಯ ಬಾಗಿಲು ತಟ್ಟಬೇಕು.

‘ಬಾಣಂತಿ ಸನ್ನಿ’, ಅಂದರೆ ಹೆರಿಗೆಯ ನಂತರ ಬರುವ ತೀವ್ರ ಮನೋರೋಗ, ಬೇರೆಯೇ ವಿಷಯ. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆ ಪೂರ್ತಿ ಹೋಗುತ್ತದೆ, ಇಲ್ಲದ ದನಿ ಕೇಳುತ್ತದೆ, ಮಗು ತನ್ನದಲ್ಲ ಎನ್ನುತ್ತಾಳೆ. ಗಾಳಿ ಸೋಕಿದೆ ಎಂದು ಚೀಟಿ ಕಟ್ಟಿಸುತ್ತಾ ಎರಡು ದಿನ ಕಳೆದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ನಂಬಿಕೆಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಚೀಟಿ ಕೈಯಲ್ಲೇ ಇರಲಿ, ಆದರೆ 108ಕ್ಕೆ ಈಗಲೇ ಫೋನ್ ಮಾಡೋಣ ಎನ್ನಿ. ‘ಅಲ್ಲಿಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಭಯ ಬಹಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ಘಟಕ 2009ರಿಂದ ಇದೆ.

ಸಭೆ ಮಾಡುವಾಗ ಅತ್ತೆಯಂದಿರನ್ನೂ ಗಂಡಸರನ್ನೂ ಮೊದಲು ಕೂರಿಸಿ, ಏಕೆಂದರೆ ಅವಳನ್ನು ಆಸ್ಪತ್ರೆಗೆ ಕಳಿಸುವವರು ಅವರೇ. ಡಿಸೆಂಬರ್‌ನಿಂದ ಫೆಬ್ರುವರಿ ಕೊಯ್ಲಿನ ಕಾಲ, ಸಂಜೆಯೋ ಸಂತೆ ದಿನವೋ ಇಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಸಭೆ ಬೇಡ, ಮನೆಭೇಟಿ ಮಾತ್ರ. ಇಪ್ಪತ್ತು ನಿಮಿಷದಲ್ಲಿ ಇಷ್ಟು ಹೇಳಿ, ಕರಪತ್ರದಲ್ಲೂ ಇದನ್ನೇ ಬರೆಯಿರಿ: ಇದು ಸೋಮಾರಿತನವಲ್ಲ, ವಾಸಿಯಾಗುತ್ತದೆ, ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಹೀಗೇ ಕಾಣಬಹುದು, ಪರೀಕ್ಷೆ ಮಾಡಿಸಿ, ಸರ್ಟ್ರಲೀನ್‌ನಂಥ ಮಾತ್ರೆಯನ್ನು ಎದೆಹಾಲು ಕೊಡುತ್ತಲೇ, ವೈದ್ಯರು ಹೇಳಿದಂತೆ ತೆಗೆದುಕೊಳ್ಳಬಹುದು. ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರು, ಒಂದು ತಿಂಗಳಿಗೆ ‘ಸರಿಯಾಯಿತು’ ಎಂದು ಬಿಡುವವರು ಇಬ್ಬರೂ ಮತ್ತೆ ಕುಸಿಯುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಬೇಕು. ಗಂಡನ ಕುಡಿತ, ಹೊಡೆತ ಇರುವ ಮನೆಯಲ್ಲಿ ಮಾತ್ರೆಯೊಂದೇ ಸಾಲದು. ಮಹಿಳಾ ಸಹಾಯವಾಣಿ 181ನ್ನು ಆ ತಾಯಿಗೆ ಬಾಯಿಪಾಠ ಮಾಡಿಸಿ, ಚೀಟಿಯಲ್ಲಿ ಬರೆದುಕೊಟ್ಟರೆ ಗಂಡನ ಕೈಗೆ ಸಿಗುತ್ತದೆ.

ಮಾತ್ರೆಯ ಮಟ್ಟಕ್ಕೆ ಹೋಗದ ತಾಯಂದಿರಿಗೆ ನಿಮ್ಮ ಸಂಘದವರೇ ಆಗಬಹುದು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ತರಬೇತಿ ಪಡೆದು ಖಿನ್ನತೆಯಿದ್ದ ತಾಯಂದಿರ ಮನೆಗೆ 16 ಬಾರಿ ಹೋಗಿ ಮಾತಾಡಿದರು. ಆರು ತಿಂಗಳಿಗೆ ಅವರಲ್ಲಿ ಖಿನ್ನತೆ ಉಳಿದದ್ದು ನೂರರಲ್ಲಿ 23 ಮಂದಿಗೆ, ಬರಿಯ ಭೇಟಿ ಪಡೆದವರಲ್ಲಿ 53 ಮಂದಿಗೆ. 2008ರಲ್ಲಿ ಪ್ರಕಟವಾದ ಲೆಕ್ಕ ಇದು. ಆ ವಿಧಾನದ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರತಂದಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಂಡು ಅದರಲ್ಲಿ ತರಬೇತಿ ಕೇಳಿ.

ಲೆಕ್ಕದ ಪುಸ್ತಕದಲ್ಲಿ ಹೆಸರು ಬೇಡ. ಹಾಡಿ, ಲೈನ್‌ಮನೆ, ಪೇಟೆ ಎಂದು ಮೂರು ಕಾಲಂ ಹಾಕಿ, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನರನ್ನು ಕಳಿಸಿದಿರಿ, ಎಷ್ಟು ಜನ ನಿಜಕ್ಕೂ ವೈದ್ಯರನ್ನು ಕಂಡರು, ಎರಡನೇ ಸಲ ಹೋದರೇ ಎಂದಷ್ಟೇ ಬರೆಯಿರಿ. ಯಾವುದಾದರೂ ಹಾಡಿಯಿಂದ ಮೂರು ತಿಂಗಳು ಸೊನ್ನೆಯೇ ಬರುತ್ತಿದ್ದರೆ, ಅಲ್ಲಿ ಪ್ರಶ್ನೆ ಕೇಳಿದ್ದು ಯಾರು, ಯಾವ ಮಾತಿನಲ್ಲಿ, ಆಗ ಪಕ್ಕದಲ್ಲಿ ಯಾರಿದ್ದರು ಎಂದು ನೀವೇ ಹೋಗಿ ವಿಚಾರಿಸಿ.