ಸೈಕೆಡೆಲಿಕ್ ಚಿತ್ರಗಳ ಟಿಪ್ಪಣಿ ಬರೆಯುವುದು ಹೇಗೆ?

ನಿಮ್ಮ ಸೈಕೆಡೆಲಿಕ್ ಚಿತ್ರಗಳ (ಕಣ್ಣು ಕುಕ್ಕುವ ಬಣ್ಣ, ಕರಗುವ ಆಕಾರಗಳಿಂದ ಅಮಲಿನ ಅನುಭವವನ್ನು ನೆನಪಿಸುವ ಶೈಲಿ) ಫೋಟೋ ಮತ್ತು ಟಿಪ್ಪಣಿ ಕಳಿಸಿ, ಪರೀಕ್ಷಕರು ‘ಇದು ಬರೀ ಅಲಂಕಾರವಲ್ಲವೇ?’ ಎಂದರು, ಟಿಪ್ಪಣಿ ಹೇಗೆ ಬರೆಯಲಿ ಎಂದು ಕೇಳಿದ್ದೀರಿ. ಅವರು ಹಾಗೆಂದದ್ದಕ್ಕೆ ಕಾರಣ ನಿಮ್ಮ ಚಿತ್ರಗಳಲ್ಲ, ಟಿಪ್ಪಣಿ ಇರಬೇಕು. ನಾಲ್ಕು ಸಾಲಿನಲ್ಲಿ ‘ಪ್ರಜ್ಞೆಯ ವಿಸ್ತಾರ’ ಮೂರು ಸಲ ಬಂದಿದೆ, ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಅಂತಿಮ ವರ್ಷದ ಟಿಪ್ಪಣಿಯೂ ಹೀಗೆಯೇ ಹಿಂದಕ್ಕೆ ಬಂದಿತ್ತು.

ಮೊದಲು ಆ ಪದವನ್ನು ಹೊಡೆದುಹಾಕಿ. ನಂತರ ಒಂದೇ ಚಿತ್ರ ಆರಿಸಿ, ಅದನ್ನು ನೋಡುವಾಗ ಕಣ್ಣಿಗೆ ಏನಾಗುತ್ತದೆ ಎಂದು ಬರೆಯಿರಿ. ನಿಮ್ಮ ಕೆಂಪು-ಹಸಿರು ಅಂಚು ನಡುಗಿದಂತೆ ಕಾಣುವುದು ಎರಡೂ ಪರಸ್ಪರ ವಿರುದ್ಧ ವರ್ಣಗಳಾಗಿದ್ದು, ಹೊಳಪು ಹೆಚ್ಚುಕಡಿಮೆ ಸಮನಾಗಿರುವುದರಿಂದ. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಅಂಚು ಬಹುತೇಕ ಮಾಯವಾಗಬೇಕು. 1967ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ಕಛೇರಿಗಳ ಪೋಸ್ಟರ್‌ಗಳಲ್ಲಿ ಕಲಾವಿದ ವಿಕ್ಟರ್ ಮೊಸ್ಕೋಸೊ ಬಳಸಿದ್ದು ಇದನ್ನೇ. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ವರ್ಣಸಿದ್ಧಾಂತ ಕಲಿಸುತ್ತಿದ್ದ ಕಲಾವಿದ ಜೋಸೆಫ್ ಆಲ್ಬರ್ಸ್ ಅವರ ವಿದ್ಯಾರ್ಥಿ. ಕಲಿತ ನಿಯಮವನ್ನು ಬೇಕೆಂದೇ ಮುರಿದವರು (ಇವೆಲ್ಲ ಬರೀ ಅಮಲಿನಲ್ಲಿ ಹುಟ್ಟಿದವು ಎನ್ನುವವರಿಗೆ ಇಷ್ಟು ಉತ್ತರ ಸಾಕು).

ಎರಡನೆಯ ಚಿತ್ರದ ಕರಗುವ ಅಕ್ಷರಗಳ ಬಗ್ಗೆ ಫೋಟೋ ನೋಡಿ ಖಚಿತವಾಗಿ ಹೇಳಲಾರೆ. ಅವು ಅದೇ ಕಾಲದ ಪೋಸ್ಟರ್ ಕಲಾವಿದ ವೆಸ್ ವಿಲ್ಸನ್ ಜಾಡಿನವಾದರೆ, ವಿಲ್ಸನ್‌ಗೆ ಪ್ರೇರಣೆಯಾದ ವಿಯೆನ್ನಾದ ಕಲಾವಿದ ಆಲ್ಫ್ರೆಡ್ ರೋಲರ್ ಅವರನ್ನೂ ಹೆಸರಿಸಿ.

ಇಂಥ ಅಕ್ಷರಗಳನ್ನು ನೋಡುಗ ಓದಲು ತಿಣುಕಾಡಲಿ ಎಂದು ನೀವು ಏಕೆ ಬಯಸಿದಿರಿ? ಆ ಉತ್ತರವನ್ನು ಟಿಪ್ಪಣಿಯ ಮೊದಲ ಸಾಲಾಗಿಸಿ.