‘ಮೂರು ರಾಶಿ’ ಆಟದ ಪಠ್ಯ ಕಳುಹಿಸಿದ ಲೇಖಕರಿಗೆ

ಮಾನ್ಯರೇ,

ನಮ್ಮ ವಿಶೇಷಾಂಕದ ಡಿಜಿಟಲ್ ವಿಭಾಗಕ್ಕೆಂದು ನೀವು ಕಳುಹಿಸಿದ ‘ಮೂರು ರಾಶಿ’ ಎಂಬ ಕಥನ ವಿಡಿಯೊ ಗೇಮ್‌ನ ಪಠ್ಯವನ್ನೂ ಅದರ ಜೊತೆಗಿದ್ದ ಟಿಪ್ಪಣಿಯನ್ನೂ ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ನೀವು ತೀರ್ಪಿಗಾಗಿ ಕಾಯುತ್ತ ಓದದೆ ಕೆಲಸದ ಮಾತಾಗಿ ಓದಬೇಕೆಂಬುದು ನನ್ನ ಅಪೇಕ್ಷೆ. ತಿರಸ್ಕರಿಸುವುದಷ್ಟೇ ಉದ್ದೇಶವಾಗಿದ್ದರೆ ಎರಡು ಸಾಲು ಸಾಕಾಗುತ್ತಿತ್ತು.

ನಿಮ್ಮ ಕಥೆಯ ಹಂದರ ಗಟ್ಟಿಯಾಗಿದೆ. ತೀರ್ಥಹಳ್ಳಿಯ ಆಸುಪಾಸಿನ ಹಳ್ಳಿಯೊಂದರಲ್ಲಿ ಅಷ್ಟಮಂಗಲ ಪ್ರಶ್ನೆ (ಕವಡೆ ಎಣಿಸಿ ಭವಿಷ್ಯ ಹೇಳುವ ಪದ್ಧತಿ) ಇಡುತ್ತಿದ್ದ ಅಜ್ಜ ತೀರಿಕೊಂಡಿದ್ದಾನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೊಮ್ಮಗಳು ಅವನ ಕವಡೆಯ ಚೀಲವನ್ನು ಕೈಗೆತ್ತಿಕೊಳ್ಳುತ್ತಾಳೆ. ಅವಳಿಗೆ ಶಾಸ್ತ್ರ ಅರ್ಧಂಬರ್ಧ ಗೊತ್ತು, ನಂಬಿಕೆ ಅದಕ್ಕಿಂತಲೂ ಕಡಿಮೆ. ಆರಿದ್ರಾ ಮಳೆಯ ದಿನಗಳಲ್ಲಿ ಏಳು ಮಂದಿ ಒಬ್ಬರ ಹಿಂದೊಬ್ಬರು ಪ್ರಶ್ನೆ ಕೇಳಲು ಬರುತ್ತಾರೆ. ಪ್ರತಿಯೊಬ್ಬರಿಗೂ ಕವಡೆ ಒಂದು ಸಂಖ್ಯೆಯನ್ನು ಕೊಡುತ್ತದೆ, ಆ ಸಂಖ್ಯೆಗೆ ಅಜ್ಜನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯವಿರುತ್ತದೆ, ಆ ವಾಕ್ಯಕ್ಕೆ ಮೂರು ಅರ್ಥಗಳಲ್ಲಿ ಒಂದನ್ನು ಆಟಗಾರರು ಆರಿಸಿ ಹೇಳಬೇಕು. ಭವಿಷ್ಯ ಹೇಳುವವಳ ಬಳಿ ಭವಿಷ್ಯವಿಲ್ಲ, ಬರಿಯ ವಾಕ್ಯವಿದೆ ಎಂಬ ಈ ಏರ್ಪಾಟು ಚೆನ್ನಾಗಿದೆ. ಆದರೆ ಅದರೊಳಗೆ ನೀವು ಬರೆದಿರುವ ವಾಕ್ಯಗಳು ಆ ಭಾರವನ್ನು ಹೊರುವುದಿಲ್ಲ, ಮತ್ತು ಇಡೀ ಪಠ್ಯದ ತೊಡಕು ಅಲ್ಲಿಂದಲೇ ಹುಟ್ಟಿದೆ.

ಮೂರನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಎರಡು ಎಕರೆ ಅಡಿಕೆ ತೋಟದ ಯಜಮಾನರೊಬ್ಬರು ಬಂದಿದ್ದಾರೆ. ಮಳೆ ಹೊಳವಾಗದೆ ಎರಡನೆಯ ಸಲ ಬೋರ್ಡೋ ದ್ರಾವಣ ಸಿಂಪಡಿಸಲು ಆಗಿಲ್ಲ, ಪಕ್ಕದ ತೋಟದಲ್ಲಿ ಕೊಳೆರೋಗ ಕಾಣಿಸಿಕೊಂಡಿದೆ, ಮರದ ಮೇಲಿನ ಫಸಲನ್ನು ಈಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುವುದೋ ಅಥವಾ ತಾವೇ ಕೊಯ್ಲು ಮಾಡಿಸುವುದೋ ಎಂಬುದು ಅವರ ಪ್ರಶ್ನೆ. ಇದು ಜೀವಂತ ಪ್ರಶ್ನೆ. ಇದರಲ್ಲಿ ದುಡ್ಡಿದೆ, ಭಯವಿದೆ, ನೆರೆಹೊರೆಯವರ ಕಣ್ಣಿದೆ. ಇದಕ್ಕೆ ಅಜ್ಜನ ಪುಸ್ತಕ ಕೊಡುವ ಉತ್ತರ ಹೀಗಿದೆ: ‘ಕತ್ತಲೆಯ ಹಿಂದೆ ಬೆಳಕಿದೆ, ತಾಳಿದವನು ಬಾಳುವನು.’ ಈ ವಾಕ್ಯವನ್ನು ತೋಟದವರಿಗೆ ಹೇಳಬಹುದು, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಹೇಳಬಹುದು, ಬಸ್ಸು ತಪ್ಪಿದವನಿಗೂ ಹೇಳಬಹುದು. ನಿಮ್ಮ ಏಳು ವಾಕ್ಯಗಳಲ್ಲಿ ಆರು ಈ ಜಾತಿಯವು. ಇವುಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಅದಲುಬದಲು ಮಾಡಿ ಓದಿ ನೋಡಿದೆ. ಕಥೆಗೆ ಏನೂ ಧಕ್ಕೆಯಾಗಲಿಲ್ಲ.

ಇಂಥ ಮಾತು ನಿಜಜೀವನದಲ್ಲಿ ಕೆಲಸ ಮಾಡುತ್ತದೆ ಎಂದು ನೀವು ವಾದಿಸಬಹುದು, ಮತ್ತು ಅದು ಸರಿ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮ ವೈಯಕ್ತಿಕ ವ್ಯಕ್ತಿತ್ವ ವಿಶ್ಲೇಷಣೆ’ ಎಂದು ಹೇಳಿ ಎಲ್ಲರಿಗೂ ಒಂದೇ ಬರಹವನ್ನು ಕೊಟ್ಟ. ಅದರ ಸಾಲುಗಳನ್ನು ಆತ ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿಕೊಂಡಿದ್ದ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಆದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ಮಾತ್ರ ನೋಡಿದ್ದರು. ನಿಮ್ಮ ಆಟಗಾರರು ಚಾಪೆಯ ಈಚೆ ಬದಿಯಲ್ಲಿ, ಹೇಳುವವಳ ಪಕ್ಕದಲ್ಲಿ ಕುಳಿತಿದ್ದಾರೆ. ಏಳೂ ಹಾಳೆಗಳು ಅವರ ಕಣ್ಣೆದುರೇ ಇವೆ. ಕೇಳುವವರನ್ನು ಮರುಳು ಮಾಡುವ ಮಸುಕು ಮಾತು ಹೇಳುವವರಿಗೆ ಬೇಸರ ತರಿಸುತ್ತದೆ.

ನಿಮಗೆ ಬೇಕಾಗಿರುವುದು ಮಾತು ಖಚಿತವಾಗಿದ್ದು ಅನ್ವಯ ಮಾತ್ರ ಅನಿಶ್ಚಿತವಾಗಿರುವ ವಾಕ್ಯ. ಅದೇ ತೋಟದವರಿಗೆ ಪುಸ್ತಕ ‘ಈ ವರ್ಷ ನಿನ್ನ ಮರದ ಅಡಿಕೆ ಕೊನೆಯನ್ನು ಬೇರೆಯವರ ಕೈ ಇಳಿಸುತ್ತದೆ’ ಎಂದು ಹೇಳಿದರೆ ಏನಾಗುತ್ತದೆ ನೋಡಿ. ಯಜಮಾನರು ಇದನ್ನು ಚೇಣಿಗೆ ಕೊಡು ಎಂಬ ಸೂಚನೆಯಾಗಿ ಕೇಳಿಸಿಕೊಳ್ಳುತ್ತಾರೆ, ಏಕೆಂದರೆ ಅವರು ಹಾಗೆ ಕೇಳಿಸಿಕೊಳ್ಳಲೆಂದೇ ಬಂದಿದ್ದಾರೆ. ಹಿಂದೆ ಕುಳಿತ ಹೆಂಡತಿಗೆ ಗಂಡನ ಎದೆನೋವು ನೆನಪಾಗುತ್ತದೆ. ಹಿಸ್ಸೆ ಕೇಳುತ್ತಿರುವ ತಮ್ಮನೂ ಜೊತೆಗೆ ಬಂದಿದ್ದರೆ ಆತ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಬೇರೆಯವರ ಕೈ ಎಂದರೆ ಕಳ್ಳನ ಕೈಯೂ ಹೌದು, ವರ್ಷವಿಡೀ ಹುಡುಕಿದರೂ ಸಿಗದ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನ ಕೈಯೂ ಹೌದು. ವಾಕ್ಯದಲ್ಲಿ ಮಸುಕಾದ ಒಂದು ಪದವೂ ಇಲ್ಲ, ಆದರೂ ಯಾವ ಅರ್ಥವನ್ನು ಬಾಯಿಬಿಟ್ಟು ಹೇಳಬೇಕು, ಯಾರ ಮುಖ ನೋಡಿ ಹೇಳಬೇಕು ಎಂಬುದು ಮೊಮ್ಮಗಳ, ಅಂದರೆ ಆಟಗಾರರ, ಪಾಲಿಗೆ ಉಳಿಯುತ್ತದೆ. ಯಾವುದನ್ನು ಹೇಳಿದರೂ ಆ ಮನೆಯಲ್ಲಿ ಏನೋ ಒಂದು ಕದಲುತ್ತದೆ.

ಈ ಬಗೆಯ ಮಾತು ನಮಗೆ ಹೊಸದೇನಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಡೆಂಕನಮರಡಿಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. 2023ರ ಕಾರಣಿಕ, ಅಂದರೆ ಆ ಭವಿಷ್ಯವಾಣಿ, ‘ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್’ ಎಂದಿತ್ತು. ಅಂಬಲಿ, ಕಂಬಳಿ, ಎರಡೂ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳು. ಅದನ್ನು ಮಳೆಬೆಳೆಗೆ ಹೊಂದಿಸಿದವರೂ ಇದ್ದರು, ಚುನಾವಣೆಗೆ ಹೊಂದಿಸಿದವರೂ ಇದ್ದರು. ಗೊರವಯ್ಯ ವಿವರಿಸಲು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಅಜ್ಜನ ಪುಸ್ತಕವಾದರೋ ಪ್ರತಿ ವಾಕ್ಯದ ಕೆಳಗೆ ಭಾವಾರ್ಥವನ್ನೂ ಕೊಡುತ್ತದೆ. ಆ ಭಾವಾರ್ಥಗಳನ್ನು ದಯವಿಟ್ಟು ಅಳಿಸಿ.

ಇನ್ನು ಅಂಕಗಳ ವಿಚಾರ. ಆಟಗಾರರು ‘ಸರಿಯಾದ’ ಅರ್ಥ ಹೇಳಿದರೆ ಹತ್ತು ವಿಶ್ವಾಸಾಂಕ ಸೇರುತ್ತದೆ, ಪರದೆಯ ಮೂಲೆಯಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ‘ತಪ್ಪು’ ಅರ್ಥಕ್ಕೆ ಐದು ಕಳೆಯುತ್ತದೆ. ಸರಿ ಉತ್ತರವೊಂದು ಮೊದಲೇ ಇದೆ ಎಂದಾದರೆ ಇದು ವ್ಯಾಖ್ಯಾನದ ಆಟವಾಗದೆ ರಸಪ್ರಶ್ನೆಯಾಗುತ್ತದೆ. ನೀವು ಮೆಚ್ಚಿ ಉಲ್ಲೇಖಿಸಿರುವ ‘ದಿ ಕಾಸ್ಮಿಕ್ ವ್ಹೀಲ್ ಸಿಸ್ಟರ್‌ಹುಡ್’ ಆಟವನ್ನೇ ನೋಡಿ. ಸ್ಪೇನಿನ ಡಿಕನ್‌ಸ್ಟ್ರಕ್ಟೀಮ್ ತಂಡ 2023ರಲ್ಲಿ ಹೊರತಂದ ಆ ಆಟದಲ್ಲಿ, ಕ್ಷುದ್ರಗ್ರಹವೊಂದಕ್ಕೆ ಗಡಿಪಾರಾದ ಫಾರ್ಚುನಾ ಎಂಬ ಮಾಟಗಾತಿ ತಾನೇ ರೂಪಿಸಿದ, ಇಸ್ಪೀಟಿನಂಥ ಎಲೆಗಳಿಂದ ಭವಿಷ್ಯ ಹೇಳುತ್ತಾಳೆ, ಮತ್ತು ಆಟಗಾರರು ಅವಳ ಬಾಯಿಂದ ಆಡಿಸಿದ ಮಾತು ಮುಂದೆ ನಿಜವಾಗುತ್ತ ಹೋಗುತ್ತದೆ. ಅಲ್ಲಿ ಊಹಿಸುವುದಕ್ಕೆ ಏನೂ ಇಲ್ಲ. ಆಡಿದ ಮಾತಿಗೆ ಹೊಣೆಯಾಗುವುದಿದೆ. 2019ರ ‘ಆಸ್ಟ್ರೊಲಾಗ್ಯಾಸ್ಟರ್’ ಇನ್ನೊಂದು ದಾರಿ ಹಿಡಿಯಿತು. 1611ರಲ್ಲಿ ತೀರಿಕೊಂಡ ಸೈಮನ್ ಫೋರ್ಮನ್ ಎಂಬ ಲಂಡನ್ನಿನ ನಿಜವಾದ ಜ್ಯೋತಿಷಿ-ವೈದ್ಯನ ಪಾತ್ರದಲ್ಲಿ ನಾವು ಗ್ರಹಗತಿ ನೋಡಿ ಉತ್ತರ ಆರಿಸುತ್ತೇವೆ, ಬಂದವರು ತೃಪ್ತರಾದರೆ ಅವನ ವೈದ್ಯಕೀಯ ಪರವಾನಗಿಗೆ ಶಿಫಾರಸು ಪತ್ರ ಕೊಡುತ್ತಾರೆ. ಅಲ್ಲಿಯೂ ಗಳಿಕೆಯಿದೆ, ಆದರೆ ಅದು ಕಥೆಯೊಳಗಿನ ಮನುಷ್ಯರು ಕೊಡುವಂಥದ್ದು. ನಿಮ್ಮ ಹತ್ತು ಅಂಕ ಕೊಡುತ್ತಿರುವವರು ಯಾರು? ಕವಡೆಯೇ, ಅಜ್ಜನೇ, ಊರಿನವರೇ? ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ.

ಐದನೆಯ ಅಧ್ಯಾಯದ ಮುದುಕಿಯ ಪ್ರಸಂಗವನ್ನು ಮಾತ್ರ ಹೀಗೆ ಟೀಕಿಸಲಾರೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆಮಠ ಬಿಟ್ಟು ಬಂದ ಕುಟುಂಬದಾಕೆ, ನೀರಿನಡಿಯಲ್ಲಿ ಉಳಿದ ತಮ್ಮ ಚೌಡಿಯ ಕಲ್ಲಿನಿಂದಾಗಿ ಮೊಮ್ಮಕ್ಕಳಿಗೆ ತೊಂದರೆಯಾಗುತ್ತಿದೆಯೇ ಎಂದು ಕೇಳುತ್ತಾಳೆ. ಪುಸ್ತಕ ‘ನೀರು ಇಳಿದಾಗ ಹೋಗು’ ಎನ್ನುತ್ತದೆ. ಬಿರುಬೇಸಿಗೆಯಲ್ಲಿ ಹಿನ್ನೀರು ತಗ್ಗಿ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುವುದು ಸಾಗರದ ಕಡೆಯವರಿಗೆ ಗೊತ್ತು. ಹಾಗಾಗಿ ಅದು ನಡೆದು ಹೋಗಬಹುದಾದ ಜಾಗದ ಮಾತೂ ಹೌದು, ಎಂದೂ ಆಗದ ಕೆಲಸವನ್ನು ಮುಂದೂಡುವ ಮಾತೂ ಹೌದು. ಮುದುಕಿ ಏನೂ ಹೇಳದೆ ಸೆರಗಿನ ಗಂಟಿನಿಂದ ದಕ್ಷಿಣೆ ಬಿಚ್ಚಿಡುತ್ತಾಳೆ. ಅಲ್ಲಿ ನೀವು ಹಸಿರು ದೀಪ ಹಚ್ಚುವುದನ್ನೂ ಮರೆತಿದ್ದೀರಿ. ನಿಮ್ಮ ಕೈ ಚೆನ್ನಾಗಿ ಓಡಿರುವುದು ಇಲ್ಲೊಂದೇ ಕಡೆ, ಮತ್ತು ಇದನ್ನು ಓದದಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಆಟದಲ್ಲಿ 108 ಕವಡೆಗಳನ್ನು ಮೂರು ರಾಶಿ ಮಾಡುತ್ತಾರೆ, ಪ್ರತಿ ರಾಶಿಯಿಂದ ಎಂಟೆಂಟು ಕಳೆಯುತ್ತ ಹೋಗಿ ಉಳಿದದ್ದನ್ನು ಬರೆದುಕೊಳ್ಳುತ್ತಾರೆ, ಏನೂ ಉಳಿಯದಿದ್ದರೆ ಎಂಟು ಎಂದು ಹಿಡಿಯುತ್ತಾರೆ. ಹೀಗೆ ಬಂದ ಮೂರು ಅಂಕಿಗಳು ಭೂತ, ವರ್ತಮಾನ, ಭವಿಷ್ಯಗಳನ್ನು ಸೂಚಿಸುತ್ತವೆ. ಪದ್ಧತಿಯನ್ನು ಸರಿಯಾಗಿಯೇ ತಿಳಿದುಕೊಂಡಿದ್ದೀರಿ. ಆದರೆ ಮೊದಲನೆಯ ಅಧ್ಯಾಯದಲ್ಲಿ ಬರುವ ಸಂಖ್ಯೆ 5-3-7. ಇದು ಬರಲಾರದು. 108ರಲ್ಲಿ ಎಂಟರ ಗುಂಪುಗಳನ್ನು ಕಳೆದರೆ ನಾಲ್ಕು ಉಳಿಯುವುದರಿಂದ ಮೂರು ಅಂಕಿಗಳ ಮೊತ್ತ 4, 12 ಅಥವಾ 20 ಆಗಿರಲೇಬೇಕು, ನಿಮ್ಮದು 15. ಏಳರಲ್ಲಿ ನಾಲ್ಕು ಸಂಖ್ಯೆಗಳು ಹೀಗೆಯೇ ತಪ್ಪಿವೆ. ಪ್ರಶ್ನೆ ಇಟ್ಟು ಗೊತ್ತಿರುವ ಓದುಗರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ.

ಇದನ್ನು ಕೇವಲ ದೋಷವಾಗಿ ತಿದ್ದಿ ಕೈತೊಳೆದುಕೊಳ್ಳಬೇಡಿ. ಮೊತ್ತ ಕಟ್ಟಿಹಾಕಿರುವುದರಿಂದ, ಮೊದಲ ಎರಡು ಅಂಕಿಗಳು ಗೊತ್ತಾದೊಡನೆ ಮೂರನೆಯದು ತಾನಾಗಿಯೇ ನಿಶ್ಚಯವಾಗುತ್ತದೆ. 512 ಎಂದು ತೋರುವ ಸಾಧ್ಯತೆಗಳು ನಿಜದಲ್ಲಿ 64 ಮಾತ್ರ. ಮೂರನೆಯ ರಾಶಿಯನ್ನು ಎಣಿಸುವ ಮೊದಲೇ ಉತ್ತರ ಬಲ್ಲ ಮೊಮ್ಮಗಳು, ಆದರೂ ಎದುರಿಗಿರುವವರಿಗಾಗಿ ನಿಧಾನವಾಗಿ ಎಣಿಸುವ ನಟನೆ ಮಾಡುವುದು ಎಂಥ ದೃಶ್ಯವಾದೀತು ಯೋಚಿಸಿ. ಇನ್ನೊಂದು ದಾರಿಯೂ ಇದೆ. ಚೀಲದಲ್ಲಿ ಐದು ಕವಡೆ ಕಳೆದುಹೋಗಿ 103 ಉಳಿದಿದ್ದರೆ 5-3-7 ಬರಬಹುದು. ಅಜ್ಜನ ಚೀಲದಲ್ಲಿ ಎಷ್ಟು ವರ್ಷಗಳಿಂದ ಐದು ಕವಡೆ ಕಡಿಮೆಯಿದ್ದವು? ಅವನಿಗೆ ಅದು ಗೊತ್ತಿತ್ತೇ? ಈ ಊರಿನವರು ಮದುವೆ, ಮನೆ, ಜಮೀನು ಎಂದು ತೀರ್ಮಾನಿಸಿದ್ದೆಲ್ಲ ತಪ್ಪು ಎಣಿಕೆಯ ಮೇಲೆಯೇ? ಗಮನವಿಟ್ಟು ಕೂಡಿಸುವ ಆಟಗಾರರಿಗೆ ಮಾತ್ರ ಇದು ತಿಳಿಯಬೇಕು, ಪಾತ್ರಗಳು ಬಾಯಿಬಿಡಬಾರದು. ಇದನ್ನು ಬಳಸುವುದೂ ಬಿಡುವುದೂ ನಿಮಗೆ ಸೇರಿದ್ದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಆರಿದ್ರಾ ಮಳೆಯ ನಡುವೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ದೃಶ್ಯವಿದೆ. ಜೂನ್ ಕೊನೆಗೆ ಅಲ್ಲಿ ಎದುರಿನ ಮರ ಕಂಡರೆ ದೊಡ್ಡದು. ಆರಂಭದ ಮಂಜು, ಜಲಪಾತ, ಹಸಿರು ಸಿರಿಯ ಪುಟಗಳು ಪ್ರವಾಸೋದ್ಯಮದ ಕೈಪಿಡಿಯಿಂದ ಇಳಿದುಬಂದಂತಿವೆ, ಅವು ಬೇಡ. ಸಂಭಾಷಣೆಯಲ್ಲಿ ಎಲ್ಲರೂ ಪಠ್ಯಪುಸ್ತಕದ ಕನ್ನಡ ಆಡಿ ಕೊನೆಗೊಂದು ‘ಮಾರಾಯ್ರೇ’ ಸೇರಿಸುತ್ತಾರೆ, ಅಷ್ಟಕ್ಕೇ ಅದು ತೀರ್ಥಹಳ್ಳಿಯ ಮಾತಾಗುವುದಿಲ್ಲ. ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಮೂಡಬೇಕೆಂದು ಟಿಪ್ಪಣಿಯಲ್ಲಿ ಕೇಳಿದ್ದೀರಿ. ಕನ್ನಡದಲ್ಲಿ ಇದನ್ನು ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಮಾಡಿದರೆ ‘ಪ್ರಶ್ನೆ’ ಎಂಬುದು ಪ, ಪ್, ಪ್ರ, ಪ್ರಶ, ಪ್ರಶ್, ಪ್ರಶ್ನ ಎಂದು ತೊದಲುತ್ತ ಬರುತ್ತದೆ. ಪದ ಪದವಾಗಿ ಮೂಡಿಸಿ.

ಕವಲುಗಳ ಬಗ್ಗೆ ಒಂದು ಮಾತು. ಏಳು ಮಂದಿಗೆ ಮೂರು ಮೂರು ಆಯ್ಕೆಯೆಂದರೆ 2,187 ದಾರಿಗಳು, ಅಷ್ಟನ್ನೂ ಬರೆಯಲು ಹೊರಟರೆ ಆಯುಷ್ಯ ಸಾಲದು. ದಾರಿಗಳನ್ನು ಬೆಳೆಸುವ ಬದಲು ಯಾರಿಗೆ ಏನು ಹೇಳಲಾಯಿತು ಎಂಬುದನ್ನು ಆಟ ನೆನಪಿಟ್ಟುಕೊಳ್ಳಲಿ, ಮತ್ತು ಅದು ಇನ್ನೊಬ್ಬರ ಬಾಯಿಂದ ತುಸು ತಿರುಚಿಕೊಂಡು ಹಿಂದಿರುಗಲಿ. ಚೇಣಿದಾರನು ಆರನೆಯವನಾಗಿ ಬಂದು ‘ನೀವೇ ಕೊಡಿಸಿದ್ರಂತಲ್ಲ’ ಎಂದರೆ ಸಾಕು. ಕವಲುಕಥೆ ಬರೆಯುವ ಟ್ವೈನ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬ್ರೌಸರಿನಲ್ಲೇ ನಡೆಯುವುದರಿಂದ ಕನ್ನಡದ ಒತ್ತಕ್ಷರಗಳೂ ಒಡೆಯುವುದಿಲ್ಲ. ಮೊದಲ ಕರಡಿಗೆ ಅದೇ ಸಾಕು.

ಏಳೂ ಅಧ್ಯಾಯಗಳನ್ನು ತಿದ್ದಿ ಕಳುಹಿಸಬೇಡಿ. ಮೂರನೆಯದನ್ನು ಮಾತ್ರ, ಅಂಕಗಳಿಲ್ಲದೆ, ಭಾವಾರ್ಥವಿಲ್ಲದೆ, ತೋಟದವರ ಹೆಂಡತಿಗೂ ತಮ್ಮನಿಗೂ ಚಾಪೆಯ ಮೇಲೆ ಜಾಗ ಕೊಟ್ಟು ಹೊಸದಾಗಿ ಬರೆಯಿರಿ. ನಾನು ಮೇಲೆ ಕೊಟ್ಟ ‘ಬೇರೆಯವರ ಕೈ’ ವಾಕ್ಯವನ್ನು ಬಳಸದೆ ನಿಮ್ಮದೇ ಒಂದನ್ನು ಕಟ್ಟಿ. ಅದು ಬಂದ ಮೇಲೆ ಐದನೆಯ ಅಧ್ಯಾಯದ ಜೊತೆ ಸೇರಿಸಿ, ಎರಡನ್ನೇ ಪ್ರಕಟಿಸುವ ವಿಚಾರ ಮಾಡೋಣ. ಟ್ವೈನ್ ಕಡತವನ್ನು ಇಮೇಲ್‌ನಲ್ಲೇ ಕಳುಹಿಸಬಹುದು. ಜೊತೆಗೆ ಚೀಲದಲ್ಲಿ ಎಷ್ಟು ಕವಡೆಗಳಿವೆ ಎಂದು ನೀವು ತೀರ್ಮಾನಿಸಿದ್ದನ್ನೂ ಒಂದು ಸಾಲಿನಲ್ಲಿ ತಿಳಿಸಿ, ಸಂಖ್ಯೆಗಳನ್ನು ಅದರಂತೆ ತಾಳೆ ನೋಡುತ್ತೇನೆ.

ಇಂತಿ,
ಸಂಪಾದಕ
ಶಿವಮೊಗ್ಗ