ಅವಳ ಮಲ್ಲಿಗೆಗೆ ನೀನು ಬೆಲೆ ಕಟ್ಟಬೇಡ

ಮೈಸೂರಿನ ಎಂಎಸ್ಸಿ ವಿದ್ಯಾರ್ಥಿನಿಯೊಬ್ಬಳ ಪತ್ರ ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ವಿದೇಶದಿಂದ ಬರುವ ವಿದ್ಯಾರ್ಥಿಗಳಿಗೆ ಊರು ಪರಿಚಯಿಸಲು ಅವಳು ಸ್ವಯಂಸೇವಕಿಯಾಗಿ ಹೆಸರು ಕೊಟ್ಟಳು. ಎರಡು ಸೆಮಿಸ್ಟರ್ ಓದಲು ಜರ್ಮನಿಯಿಂದ ಬಂದ ಹುಡುಗಿಯೊಬ್ಬಳನ್ನು ಅವಳಿಗೆ ವಹಿಸಿದರು. ಸಿಮ್ಮು, ಬಾಡಿಗೆ ರೂಮು, ಆಟೋ, ಹೊಟ್ಟೆ ಕೆಟ್ಟಾಗ ಡಾಕ್ಟರು, ಎಲ್ಲಕ್ಕೂ ಇವಳೇ. ಈಗ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ. ಇಂಟರ್ನಲ್ಸ್‌ನಲ್ಲಿ ಅಂಕ ಇಳಿದಿದೆ. ಮನೆಯಲ್ಲಿ ಅಮ್ಮನ ಬೈಗುಳ. 'ಕೈ ಬಿಟ್ಟರೆ ಪಾಪ ಅನಿಸುತ್ತೆ, ಬಿಡದಿದ್ದರೆ ನನ್ನ ಓದು ಹಾಳು. ಏನು ಮಾಡಲಿ ಮೇಡಂ?' ಎಂದು ಕೇಳಿದ್ದಾಳೆ.

ಮಗಳೇ, ನಿನ್ನ ನಾಲ್ಕು ಪುಟದಲ್ಲಿ ಒಂದು ಸಾಲನ್ನು ಸುಮ್ನೆ ಹಾಗೇ ದಾಟಿಬಿಟ್ಟಿದ್ದೀಯ. ಬಂದ ಎರಡನೇ ತಿಂಗಳು ಅವಳು ಒಬ್ಬಳೇ ಸಿಟಿ ಬಸ್ ಹತ್ತಿ ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದಳು. ನಿನಗೆ ತೋರಿಸಿದಳು. ನೀನು ಬೆಲೆ ಕೇಳಿದೆ. 'ಅಯ್ಯೋ, ಚೆನ್ನಾಗಿ ಟೋಪಿ ಹಾಕಿದ್ದಾರೆ, ಇನ್ಮೇಲೆ ನನ್ನ ಕರಿ' ಎಂದೆ. ಮುಂದಿನ ಸಾಲಿನಲ್ಲೇ ನೀನು ಬರೆದಿದ್ದೀಯ: 'ಅಲ್ಲಿಂದಾಚೆ ಎಲ್ಲಕ್ಕೂ ನನ್ನನ್ನೇ ಕರೆಯುತ್ತಾಳೆ.'

ಕರೆಯದೆ ಇನ್ನೇನು ಮಾಡಿಯಾಳು? ಕರಿ ಎಂದವಳು ನೀನೇ ಅಲ್ವಾ! ಮೊಳ ಅಂದರೆ ಏನು ಅಂತ ಗೊತ್ತಿಲ್ಲದ ಹುಡುಗಿ, ಹೂವಾಡಗಿತ್ತಿ ಮೊಳಕೈಗೆ ದಾರ ಹಿಡಿದು ಅಳೆಯುವುದನ್ನು ನೋಡಿ, ಬೆರಳಲ್ಲಿ ಲೆಕ್ಕ ತೋರಿಸಿ, ಹೂ ಗೆದ್ದು ತಂದಿದ್ದಳು. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಹೋಯಿತು ಅಂತ ನೀನು ಆ ಖುಷಿಯನ್ನೇ ಕಿತ್ತುಕೊಂಡೆ. ನನ್ನ ಮನಸ್ಸು ಅವಳ ಕಡೆಗೇ ಜಾಸ್ತಿ ವಾಲುತ್ತಿದೆ. ಬೇಜಾರು ಮಾಡ್ಕೋಬೇಡ.

ಇನ್ನೊಂದು ಮಾತು. ರಾತ್ರಿ ಅವಳು ಕರೆದಾಗಲೆಲ್ಲ 'ನೋಡೋಣ' ಎನ್ನುತ್ತೀಯಂತೆ. ನಮ್ಮಲ್ಲಿ 'ನೋಡೋಣ' ಎಂದರೆ 'ಆಗಲ್ಲ' ಎಂದು ಅರ್ಥ. ಮದುವೆ ಮಾತುಕತೆಯಲ್ಲೂ ಅಷ್ಟೇ, ಸಾಲ ಕೇಳಿದಾಗಲೂ ಅಷ್ಟೇ. ಜರ್ಮನರು ಆಗದ್ದನ್ನು ಆಗಲ್ಲ ಅಂತ ನೇರವಾಗಿ ಹೇಳುವವರು. ಹಾಗೆ ಹೇಳಿದರೆ ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ನಿನಗೆ ಕಷ್ಟವಾದರೆ ಬಾಯಿಬಿಟ್ಟು ಹೇಳುತ್ತೀಯ ಎಂದು ಆ ಹುಡುಗಿ ನಂಬಿಕೊಂಡು ಕೂತಿದ್ದಾಳೆ. ನೀನು ಹೇಳೇ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಿಮ್ಮ ವಿದ್ಯಾಸಂಸ್ಥೆಯ ಆಫೀಸಿನವರ ಮೇಲೆ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ, ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಣಿ ಆಗಬೇಕು. ಮನೆ ಬಾಡಿಗೆ ಕೊಟ್ಟವರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಇದು ಕಾನೂನಿನ ವಿಷಯ. ಅವಳು ಇಲ್ಲೇ ಓದುತ್ತಿದ್ದಾಳೆ ಎನ್ನುವ ಬೊನಾಫೈಡ್ ಪತ್ರಕ್ಕೆ ಇಪ್ಪತ್ತೆರಡು ವರ್ಷದ ನಿನ್ನನ್ನು ಹನ್ನೊಂದು ದಿನ ಅಲೆಸುತ್ತಾರಲ್ಲ, ಸಂಬಳ ತೆಗೆದುಕೊಳ್ಳುವವರು ಏನು ಮಾಡುತ್ತಿದ್ದರು? ಸ್ವಯಂಸೇವಕಿ ಎಂದರೆ ಬಿಟ್ಟಿ ಗುಮಾಸ್ತೆಯಲ್ಲ. ಇನ್ನು ಯಾವ ಕಾಗದಕ್ಕೂ ನೀನು ಓಡಬೇಡ. ಅವಳನ್ನೇ ಆ ಟೇಬಲ್ ಮುಂದೆ ನಿಲ್ಲಲು ಹೇಳು.

ನಾನು ಸಾಗರದಿಂದ ಧಾರವಾಡಕ್ಕೆ ಓದಲು ಹೋದಾಗ ಕನ್ನಡವೇ ಆದರೂ ಅರ್ಧ ಅರ್ಥವಾಗುತ್ತಿರಲಿಲ್ಲ. ನಮ್ಮ ತಿಂಡಿ ಅಲ್ಲಿ ನಾಷ್ಟಾ. ರೂಮಿನ ಗೆಳತಿ ಪಾಪ ಎಲ್ಲಿಗೂ ಜೊತೆಗೆ ಬರುತ್ತಿದ್ದಳು, ನನ್ನ ಪರವಾಗಿ ಅವಳೇ ಮಾತಾಡುತ್ತಿದ್ದಳು. ಅವಳು ಜ್ವರ ಬಂದು ಊರಿಗೆ ಹೋದ ವಾರವೇ ನಾನು ಧಾರವಾಡದ ಮಾತು ಕಲಿತದ್ದು. ಅಂಗಡಿಯವನ ಹತ್ತಿರ ತಪ್ಪುತಪ್ಪಾಗಿ ಮಾತಾಡಿ, ಅವನು ನಕ್ಕು, ನಾನೂ ನಕ್ಕು. ಈ ಅಂಕಣ ಓದುವವರಿಗೆ ಗೊತ್ತು, ಇದನ್ನು ನಾನು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ: ಒಂದು ಊರು ನಮ್ಮದಾಗುವುದು ಅಲ್ಲಿ ಒಬ್ಬರೇ ಚೌಕಾಸಿ ಮಾಡಿದ ದಿನ.

ಅದಕ್ಕೇ ಒಂದೇ ಕೆಲಸ ಹೇಳುತ್ತೇನೆ. ಈ ಶನಿವಾರ ಅವಳಿಗೆ 'ಎಷ್ಟು', 'ಸ್ವಲ್ಪ ಕಮ್ಮಿ ಮಾಡಿ', 'ಸಾಕು' ಇಷ್ಟು ಕಲಿಸು. ನೂರರವರೆಗೆ ಎಣಿಸಲು ಕಲಿಸು. ಆಮೇಲೆ ನಿನಗೆ ಎರಡು ಮೊಳ ಮಲ್ಲಿಗೆ ಬೇಕು ಅಂತ ಹೇಳಿ ಅವಳೊಬ್ಬಳನ್ನೇ ಮಾರುಕಟ್ಟೆಗೆ ಕಳಿಸು. ನೀನು ಪುಸ್ತಕ ತೆಗೆದು ಕೂತು ಓದು. ಅವಳು ಹೂ ತಂದುಕೊಟ್ಟಾಗ ಬೆಲೆ ಕೇಳಬೇಡ. ಮುಡಿದುಕೋ.